ಕಡಲಸಿಂಹದ ಮಿದುಳು, ಕಡಲತಳದ ಹೂಳು ಮತ್ತು ಇಟೊ ಅವರ ಕಲನಶಾಸ್ತ್ರ

ಪ್ರಶ್ನೆ: ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಈಚೆಗೆ ಕೇಳಿದ ಉಪನ್ಯಾಸವೊಂದರಲ್ಲಿ, ಸ್ಟೊಕಾಸ್ಟಿಕ್ ಕಲನಶಾಸ್ತ್ರ (ಯಾದೃಚ್ಛಿಕವಾಗಿ, ಎಂದರೆ ಗೊತ್ತುಗುರಿಯಿಲ್ಲದೆ, ಏರಿಳಿಯುವ ಸಂಗತಿಗಳ ಗಣಿತ), ಪಶುವೈದ್ಯಕೀಯ ರೋಗಶಾಸ್ತ್ರ ಮತ್ತು ಸಮುದ್ರತಳದ ಹೂಳಿನ ಭೂವಿಜ್ಞಾನ ಈ ಮೂರೂ ಒಂದೇ ಸಂಶೋಧನೆಯಲ್ಲಿ ಕೂಡಬಲ್ಲವು ಎಂದರು, ಉದಾಹರಣೆ ಕೊಡಲಿಲ್ಲ. ನಾನು ತಿಳಿದಂತೆ ಮೊದಲನೆಯದು ಶೇರು ಪೇಟೆಯವರ ಗಣಿತ. ಸತ್ತ ಪ್ರಾಣಿಗೂ ಕಡಲ ಕೆಸರಿಗೂ ಅದಕ್ಕೂ ನಿಜವಾದ ನಂಟು ಇದೆಯೇ, ಅಥವಾ ಅನುದಾನದ ಅರ್ಜಿ ಚೆಂದ ಕಾಣಲೆಂದು ಮಾಡಿದ ಜೋಡಣೆಯೇ?

ಉತ್ತರ: ನಂಟು ಇದೆ. ಮೂವರು ತಜ್ಞರ ಹೆಸರು ಒಂದೇ ಲೇಖನದ ಮೇಲೆ ಇರಬೇಕೆಂದೇನಿಲ್ಲ. ಆದರೆ ಮೂವರಲ್ಲಿ ಒಬ್ಬರು ತಪ್ಪಿದರೂ ಉತ್ತರ ಸಿಗದಂಥ ಪ್ರಶ್ನೆಗಳಿವೆ. ಅಂಥ ಒಂದನ್ನು ಕ್ಯಾಲಿಫೋರ್ನಿಯದ ಕರಾವಳಿಯಿಂದಲೇ ಎತ್ತಿಕೊಳ್ಳುತ್ತೇನೆ. ಅಲ್ಲಿ ಒಂದು ವಿಷ ಕಡಲಿನ ಮೇಲ್ಪದರದಲ್ಲಿ ಹುಟ್ಟಿ, ಒಂದು ದಾರಿಯಲ್ಲಿ ಪ್ರಾಣಿಯ ಮಿದುಳನ್ನೂ ಇನ್ನೊಂದು ದಾರಿಯಲ್ಲಿ ಕಡಲತಳದ ಹೂಳನ್ನೂ ಸೇರುತ್ತದೆ. ಆ ಎರಡು ದಾರಿಗಳ ನಡುವೆ ಇರುವುದು ಕದಡುತ್ತಿರುವ ನೀರು. ಆ ಕದಡುವಿಕೆಯ ಲೆಕ್ಕ ಹಾಕಲು ನಿಮ್ಮ ಗಣಿತ ಬೇಕು.

1998ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಮಧ್ಯ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ, ಮಾಂಟೆರೆ ಕೊಲ್ಲಿಯ ಆಸುಪಾಸಿನಲ್ಲಿ, ಸೀಲ್‌ಗಳ ಹತ್ತಿರದ ಬಳಗದ ಕಡಲ ಸಸ್ತನಿಗಳಾದ ಕಡಲಸಿಂಹಗಳು ನಾನೂರಕ್ಕೂ ಹೆಚ್ಚು ಸತ್ತವು. ದಡಕ್ಕೆ ಬಂದು ಬಿದ್ದವು ಮೈಕೈ ತುಂಬಿಕೊಂಡಿದ್ದವು, ಸೊರಗಿರಲಿಲ್ಲ. ಆದರೆ ತಲೆಯನ್ನು ಎಡಬಲಕ್ಕೆ ತೂಗುತ್ತಿದ್ದವು, ತೂರಾಡುತ್ತಿದ್ದವು, ಅಪಸ್ಮಾರ ಬಂದಂತೆ ಸೆಟೆದುಕೊಳ್ಳುತ್ತಿದ್ದವು. ಅವುಗಳಲ್ಲಿ ಬಹಳಷ್ಟು ಗಬ್ಬವಾದ ಹೆಣ್ಣುಗಳು. ಸಾಂಕ್ರಾಮಿಕ ಸೋಂಕಿನ ಲಕ್ಷಣಗಳು ಇದಕ್ಕೆ ಹೊಂದುತ್ತಿರಲಿಲ್ಲ. ಆ ಹೊತ್ತಿಗೆ ಕೊಲ್ಲಿಯ ನೀರಿನಲ್ಲಿ ಸೂಡೊ-ನಿಟ್ಷಿಯ ಎಂಬ ಡಯಾಟಮ್, ಎಂದರೆ ಗಾಜಿನಂಥ ಸಿಲಿಕದ ಚಿಪ್ಪು ತೊಟ್ಟ ಏಕಕೋಶ ಪಾಚಿ, ವಿಪರೀತ ಹೆಚ್ಚಿತ್ತು. ಅದನ್ನು ಆಂಚೊವಿ ಮೀನು ತಿಂದಿತ್ತು. ನಮ್ಮ ಮಂಗಳೂರು ಕಡೆ ಕೊಲ್ಲತರು ಎನ್ನುತ್ತಾರಲ್ಲ, ಅದರ ಹತ್ತಿರದ ಬಳಗದ ಮೀನು ಅದು. ಆ ಮೀನನ್ನು ಕಡಲಸಿಂಹ ತಿಂದಿತ್ತು. ಈ ಪಾಚಿ ಮಾಡುವ ವಿಷಕ್ಕೆ ಡೊಮೋಯಿಕ್ ಆಮ್ಲ ಎಂದು ಹೆಸರು. ನೀರು, ಮೀನು, ಪ್ರಾಣಿ ಮೂರರಲ್ಲೂ ವಿಷದ ಜಾಡು ಹಿಡಿದು ತೋರಿಸಿದ ಅಧ್ಯಯನ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು.

ಈ ವಿಷ ಹೊಸದಲ್ಲ. ಜಪಾನಿನಲ್ಲಿ 1958ರಲ್ಲಿ ಒಂದು ಕೆಂಪು ಕಡಲಕಳೆಯಿಂದ ಇದನ್ನು ಬೇರ್ಪಡಿಸಿದ್ದರು. ಅಲ್ಲಿ ಆ ಕಳೆಯನ್ನು ಜಂತುಹುಳುವಿಗೆ ಮದ್ದಾಗಿ ಬಳಸುತ್ತಿದ್ದರು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸ್ಸೆಲ್ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು, ಬದುಕಿದ ಕೆಲವರಿಗೆ ಹೊಸ ನೆನಪು ನಿಲ್ಲದಾಯಿತು. ಅಲ್ಲಿಂದೀಚೆಗೆ ಚಿಪ್ಪುಮೀನಿನ ಮಾಂಸದಲ್ಲಿ ಕಿಲೋಗೆ 20 ಮಿಲಿಗ್ರಾಂ ಎಂಬ ಮಿತಿಯನ್ನು ಹಲವು ದೇಶಗಳು ಇಟ್ಟುಕೊಂಡಿವೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ.

ಈಗ ರೋಗಶಾಸ್ತ್ರಜ್ಞರ ಮೇಜಿಗೆ ಬನ್ನಿ. ಡೊಮೋಯಿಕ್ ಆಮ್ಲದ ಅಣು ನರಕೋಶಗಳ ನಡುವಿನ ಸಂದೇಶವಾಹಕವಾದ ಗ್ಲುಟಮೇಟನ್ನು ಹೋಲುತ್ತದೆ. ಅದೇ ಗ್ರಾಹಕಗಳ ಮೇಲೆ ಕೂರುತ್ತದೆ, ಆದರೆ ಬೇಗ ಬಿಡುವುದಿಲ್ಲ. ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ, ಕೋಶ ತನ್ನ ಉದ್ರೇಕದಿಂದಲೇ ಸಾಯುತ್ತದೆ. ಅಂಥ ಗ್ರಾಹಕಗಳು ದಟ್ಟವಾಗಿರುವುದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅಡ್ಡ ಕೊಯ್ದರೆ ಸುರುಳಿ ಸುತ್ತಿಕೊಂಡಂತೆ ಕಾಣುವ ಈ ಭಾಗಕ್ಕೆ ಗ್ರೀಕರ ಕಡಲಕುದುರೆಯ ಹೆಸರೇ ಇದೆ. ಶವಪರೀಕ್ಷೆಯಲ್ಲಿ ಮಿದುಳನ್ನು ಫಾರ್ಮಾಲಿನ್‌ನಲ್ಲಿ ನೆನೆಯಿಟ್ಟು, ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡುತ್ತಾರೆ. ಪರಿಣತ ಪಶುರೋಗಶಾಸ್ತ್ರಜ್ಞೆಯೊಬ್ಬರ ಪಕ್ಕದಲ್ಲಿ ಕುಳಿತು, ಎರಡು ಕಣ್ಣುಗಾಜಿನ ಜೋಡಿಯಿರುವ ಸೂಕ್ಷ್ಮದರ್ಶಕದಲ್ಲಿ ಇಂಥ ಗಾಜುಪಟ್ಟಿಗಳನ್ನು ಒಂದು ಇಡೀ ಮಧ್ಯಾಹ್ನ ನೋಡಿದ ಭಾಗ್ಯ ನನ್ನದು. ಆರೋಗ್ಯವಂತ ನರಕೋಶ ದುಂಡಗೆ, ನಡುವೆ ಬೀಜ ಎದ್ದು ಕಾಣುವಂತೆ ಇತ್ತು. ಆಗತಾನೆ ಸತ್ತದ್ದು ಕುಗ್ಗಿ, ಮೂಲೆಮೂಲೆಯಾಗಿ, ಗಾಢ ಗುಲಾಬಿಗೆ ತಿರುಗಿತ್ತು. ಇನ್ನೊಂದು ಪಟ್ಟಿಯಲ್ಲಿ ನರಕೋಶಗಳ ಸಾಲೇ ಇರಲಿಲ್ಲ. ಆ ಜಾಗದಲ್ಲಿ ಗಾಯ ಮುಚ್ಚಲು ಬಂದ ಪೋಷಕ ಕೋಶಗಳ ದಟ್ಟಣೆ ಮಾತ್ರ ಇತ್ತು. "ಇದು ಈ ವಾರದ ವಿಷ, ಅದು ಹಿಂದೆಂದೋ ತಿಂದದ್ದು" ಎಂದು ಅವರು ಬೆರಳಿಟ್ಟು ತೋರಿಸಿದರು.

ಆ ಮಾತಿನ ತೂಕ ನನಗೆ ಅರ್ಥವಾದದ್ದು ಆಮೇಲೆ. ವಿಷ ರಕ್ತದಿಂದ ಮೂತ್ರದ ಮೂಲಕ ಬೇಗನೆ ಹೊರಟುಹೋಗುತ್ತದೆ. ಹಲವು ಪ್ರಾಣಿಗಳು ದಡ ಸೇರುವ ಹೊತ್ತಿಗೆ ರಾಸಾಯನಿಕ ಪರೀಕ್ಷೆಗೆ ಏನೂ ಉಳಿದಿರುವುದಿಲ್ಲ. ಉಳಿಯುವುದು ಗಾಯ ಒಂದೇ. ಗಾಯ ತಾಜಾ ಆಗಿದ್ದರೆ ವಿಷ ಹತ್ತಿರದಲ್ಲಿ, ಈಚೆಗೆ ಸಿಕ್ಕಿದೆ ಎಂದು ಹೇಳಬಹುದು. ಹಿಪೊಕ್ಯಾಂಪಸ್ ಬತ್ತಿದ್ದರೆ, ಅದೂ ಎಷ್ಟೋ ಸಲ ಒಂದೇ ಪಕ್ಕದಲ್ಲಿ, ಆ ಪ್ರಾಣಿ ತಿಂಗಳುಗಳ ಹಿಂದೆ ತಿಂದು, ಬದುಕಿ, ಅಪಸ್ಮಾರ ಹೊತ್ತುಕೊಂಡು ಅಲೆದದ್ದು. ಅಂಥವುಗಳಿಗೆ ದಾರಿಯ ನೆನಪು ಕೆಡುತ್ತದೆ ಎಂದು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಪ್ರಯೋಗಗಳಿಂದ ತೋರಿಸಿತು. ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ "ಇಷ್ಟು ಸಾವು, ಇಲ್ಲಿ, ಈ ವಾರ" ಎಂದು ಲೆಕ್ಕಕ್ಕೆ ಕೊಟ್ಟರೆ, ಪಾಚಿ ಎಲ್ಲಿ ಯಾವಾಗ ಹಬ್ಬಿತ್ತು ಎಂಬ ಅಂದಾಜು ಬುಡದಲ್ಲೇ ಕೆಡುತ್ತದೆ. ಗಣಿತದವರಾದ ನಾವು ದತ್ತಾಂಶ ಎಂದು ಸರಾಗವಾಗಿ ಕರೆಯುವ ಒಂದೊಂದು ಅಂಕಿಯ ಹಿಂದೆಯೂ ಇಂಥ ಒಬ್ಬರ ಕಣ್ಣು ದುಡಿದಿರುತ್ತದೆ.

ಪ್ರಾಣಿಗಳ ಕಡೆಯ ದಾರಿ ಇದು. ಇನ್ನೊಂದು ದಾರಿ ನೇರ ಕೆಳಕ್ಕೆ. ದಕ್ಷಿಣ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಕೊಳ್ಳ ಕಡಲೊಳಗಿನ ಒಂದು ಬಟ್ಟಲು. ಅದರ ಆಳ ಸುಮಾರು 590 ಮೀಟರು. ಹೊರಗಿನ ನೀರು ಒಳಬರುವ ಅಂಚು ಸುಮಾರು 475 ಮೀಟರಿನಲ್ಲಿದೆ. ಹೀಗಾಗಿ ತಳದ ನೀರು ಬೇಗ ಬದಲಾಗದೆ ಆಮ್ಲಜನಕ ಕಡಿಮೆಯಾಗಿ, ಹುಳುಹುಪ್ಪಟೆಗಳು ಅಲ್ಲಿ ಬದುಕಲಾರವು. ಅಲ್ಲಿ 1993ರಿಂದ ಹೂಳು ಹಿಡಿಯುವ ದೊಡ್ಡ ಆಲಿಕೆಗಳನ್ನು ನೀರೊಳಗೆ ತೂಗುಬಿಟ್ಟು, ಮೇಲಿಂದ ಸುರಿಯುವುದನ್ನು ಶೀಸೆಗಳಲ್ಲಿ ಸಂಗ್ರಹಿಸುತ್ತ ಬಂದಿದ್ದಾರೆ. ಡೊಮೋಯಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತು. ಅದು ಮೇಲೆಯೇ ಚದುರಿ ಹೋಗುತ್ತದೆಂದು ಊಹಿಸುವುದು ಸಹಜ. ಆದರೆ ಮೇಲೆ ಪಾಚಿ ಹಬ್ಬಿದ ಕೆಲವೇ ದಿನಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಕರಾವಳಿಯಾಚೆ 800 ಮೀಟರ್‌ವರೆಗಿನ ಆಳದ ಆಲಿಕೆಗಳಲ್ಲಿ ಅದು ಸಿಕ್ಕಿತೆಂದು 2009ರಲ್ಲಿ ಪ್ರಕಟವಾಯಿತು. ತಳದ ಹೂಳಿನಲ್ಲೂ ಸಿಕ್ಕಿತು. ಒಂಟಿ ಡಯಾಟಮ್ ಕೋಶ ದಿನಕ್ಕೆ ಸುಮಾರು ಒಂದು ಮೀಟರ್ ಇಳಿದೀತು. ಆ ಲೆಕ್ಕದಲ್ಲಿ 500 ಮೀಟರ್ ಇಳಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಕೋಶಗಳು ಅಂಟಂಟಾಗಿ ಕೂಡಿ ಉಂಡೆಗಟ್ಟಿದರೆ ದಿನಕ್ಕೆ ನೂರು ಮೀಟರಿಗೂ ಮಿಗಿಲು ಇಳಿಯುತ್ತವೆ, ಐದಾರು ದಿನದಲ್ಲಿ ತಳ ಮುಟ್ಟುತ್ತವೆ.

ಹಾಗಿದ್ದರೆ ಪ್ರಶ್ನೆ ಇದು: ಒಂದು ಕೋಶ ಎಷ್ಟು ಹೊತ್ತು ಮೀನಿನ ಬಾಯಿಗೆ ಎಟುಕುವ ಮೇಲ್ಪದರದಲ್ಲಿ ಇರುತ್ತದೆ, ಯಾವಾಗ ಕೆಳಗೆ ಜಾರುತ್ತದೆ, ಅಷ್ಟರಲ್ಲಿ ಪ್ರವಾಹ ಅದನ್ನು ಎಷ್ಟು ದೂರ ಒಯ್ದಿರುತ್ತದೆ? ಇದಕ್ಕೆ ಒಂದೇ ಉತ್ತರವಿಲ್ಲ. ಉತ್ತರಗಳ ಒಂದು ಹಂಚಿಕೆ ಇದೆ, ಅದನ್ನು ಹುಡುಕಬೇಕು. ನಿಮ್ಮ ಗಣಿತದ ಪಾಲು ಶುರುವಾಗುವುದು ಇಲ್ಲಿಂದ.

ಶೇರು ಪೇಟೆಯ ಮಾತು ಸುಳ್ಳಲ್ಲ. ಹೆಜ್ಜೆಹೆಜ್ಜೆಗೂ ಯಾದೃಚ್ಛಿಕವಾಗಿ ದಿಕ್ಕು ಬದಲಿಸುವ ನಡಿಗೆಯನ್ನು ಬೆಲೆಗಳ ಏರಿಳಿತಕ್ಕೆ ಫ್ರೆಂಚ್ ಗಣಿತಜ್ಞ ಬಾಷೆಲಿಯೆ ಅವರು 1900ರಲ್ಲೇ ಹಚ್ಚಿದ್ದರು. ಆದರೆ ಅದಕ್ಕೂ ಮುಂಚೆ, 1827ರಲ್ಲಿ, ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ನೋಡಿದ್ದು ನೀರಿನಲ್ಲಿ ನಡುಗುವ ಕಣಗಳನ್ನು. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ್ದೂ ಅವನ್ನೇ. ನೀರಿನಲ್ಲಿನ ಕಣವೇ ಈ ಗಣಿತದ ತವರು. ಇಂಥ ನಡಿಗೆಯ ಮೇಲೆ ಕಲನಶಾಸ್ತ್ರ ಕಟ್ಟಿದವರು ಕಿಯೋಶಿ ಇಟೊ, ಎರಡನೇ ಮಹಾಯುದ್ಧದ ನಡುವೆ, 1942 ಮತ್ತು 1944ರ ಲೇಖನಗಳಲ್ಲಿ. ಸಾಮಾನ್ಯ ಕಲನಶಾಸ್ತ್ರ ಇಲ್ಲಿ ಏಕೆ ಸಾಲದು ಎಂಬುದನ್ನು ಕೈಲೆಕ್ಕದಲ್ಲೇ ನೋಡಬಹುದು. ಒಂದು ಸೆಕೆಂಡನ್ನು 100 ತುಂಡು ಮಾಡಿ. ನಯವಾದ ದಾರಿಯಲ್ಲಿ ಒಂದೊಂದು ಹೆಜ್ಜೆ 0.01, ಹೆಜ್ಜೆಗಳ ವರ್ಗಗಳ ಮೊತ್ತ 0.01. ಹತ್ತು ಸಾವಿರ ತುಂಡು ಮಾಡಿದರೆ ಆ ಮೊತ್ತ 0.0001ಕ್ಕೆ ಇಳಿಯುತ್ತದೆ, ಆದ್ದರಿಂದಲೇ ವರ್ಗದ ಪದವನ್ನು ನಾವು ಕಣ್ಣುಮುಚ್ಚಿ ಕೈಬಿಡುತ್ತೇವೆ. ಬ್ರೌನ್ ನಡಿಗೆಯಲ್ಲಿ ಹೆಜ್ಜೆಯ ಗಾತ್ರ ಕಾಲದ ವರ್ಗಮೂಲದಷ್ಟು. 100 ತುಂಡಿಗೆ ಒಂದೊಂದು ಹೆಜ್ಜೆ 0.1, ವರ್ಗಗಳ ಮೊತ್ತ 1. ಹತ್ತು ಸಾವಿರ ತುಂಡಿಗೆ ಹೆಜ್ಜೆ 0.01, ವರ್ಗಗಳ ಮೊತ್ತ ಆಗಲೂ 1. ಎಷ್ಟು ಸಣ್ಣಗೆ ಹೆಚ್ಚಿದರೂ ಅದು ಸೊನ್ನೆಯ ಕಡೆಗೆ ಹೋಗುವುದಿಲ್ಲ. ಕೈಬಿಡಲಾಗದ ಆ ಒಂದು ಪದವನ್ನು ಲೆಕ್ಕದೊಳಕ್ಕೆ ತರುವುದೇ ಇಟೊ ಸೂತ್ರದ ಜೀವಾಳ.

ಕಡಲಿನಲ್ಲಿ ಆ ಪದಕ್ಕೆ ಎಂಥ ಬೆಲೆ ಇದೆ ನೋಡಿ. ನೀರಿನ ಕದಡುವಿಕೆ ಎಲ್ಲ ಆಳದಲ್ಲೂ ಒಂದೇ ಅಲ್ಲ. ಗಾಳಿ ಬೀಸುವ ಮೇಲ್ಪದರದಲ್ಲಿ ಹೆಚ್ಚು. ಬೆಚ್ಚನೆಯ ನೀರು ತಣ್ಣೀರಿಗೆ ತಿರುಗುವ ಗಡಿಯಲ್ಲಿ ಬಹಳ ಕಡಿಮೆ. ಈ ಬಲವನ್ನು ಅಳೆಯುವ ವಿಸರಣ ಗುಣಾಂಕ ಗಡಿಯಲ್ಲಿ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ ಎನ್ನೋಣ. ಕಂಪ್ಯೂಟರಿನಲ್ಲಿ ಕಣಗಳನ್ನು ಬಿಟ್ಟು, ಕಣ ಈಗಿರುವ ಜಾಗದ ಗುಣಾಂಕ ನೋಡಿಕೊಂಡು ಅದರ ವರ್ಗಮೂಲಕ್ಕೆ ತಕ್ಕ ಯಾದೃಚ್ಛಿಕ ಹೆಜ್ಜೆ ಇಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ವಿಧಾನ, ಇಟೊ ರೀತಿಯೂ ಇದೇ. ಹೀಗೆ ಮಾಡಿದರೆ ಕದಡುವ ಜಾಗದ ಕಣ ದೊಡ್ಡ ಹೆಜ್ಜೆಯಿಟ್ಟು ಬೇಗ ಹೊರಬರುತ್ತದೆ. ಶಾಂತ ಜಾಗಕ್ಕೆ ಹೊಕ್ಕ ಕಣ ಸಣ್ಣ ಹೆಜ್ಜೆಯಿಡುತ್ತ ಅಲ್ಲೇ ಉಳಿಯುತ್ತದೆ. ಬಹಳ ಹೊತ್ತು ಬಿಟ್ಟರೆ ಕಣಗಳ ಸಾಂದ್ರತೆ ಗುಣಾಂಕದ ವಿಲೋಮಕ್ಕೆ ಅನುಪಾತವಾಗಿ, ಶಾಂತ ಪದರದಲ್ಲಿ ನೂರು ಪಟ್ಟು ದಟ್ಟವಾಗುತ್ತದೆ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ತಾನಾಗಿ ಏಳದ, ಮುಳುಗದ ಬಣ್ಣವೊಂದು ನೀರಿನಲ್ಲಿ ಸಮನಾಗಿ ಬೆರೆತಿದ್ದರೆ, ಮತ್ತೆ ಕದಡಿದ ಮಾತ್ರಕ್ಕೆ ಅದು ಒಂದೆಡೆ ಗಡ್ಡೆಕಟ್ಟಲಾರದು. ಸರಿಯಾದ ಸಮೀಕರಣದಲ್ಲಿ ಗುಣಾಂಕದ ಅವಕಲನದಷ್ಟು, ಕದಡುವಿಕೆ ಹೆಚ್ಚಿರುವ ದಿಕ್ಕಿಗೆ ಕಣವನ್ನು ತಳ್ಳುವ ಇನ್ನೊಂದು ಪದ ಇರಲೇಬೇಕು. ಹೆಜ್ಜೆಯ ಆರಂಭದ ಬದಲು ನಡುವಿನ ಬೆಲೆ ಹಿಡಿಯುವ ಸ್ಟ್ರಾಟೊನೊವಿಚ್ ಅವರ ರೀತಿಯಲ್ಲಿ ಅನುಕಲಿಸಿದರೆ ಆ ತಳ್ಳಿನ ಅರ್ಧ ತಾನಾಗಿ ಬರುತ್ತದೆ. ಆಗಲೂ ಶಾಂತ ಪದರದಲ್ಲಿ ಹತ್ತು ಪಟ್ಟು ಸುಳ್ಳು ದಟ್ಟಣೆ ಉಳಿಯುತ್ತದೆ. ತರಗತಿಯಲ್ಲಿ ಇಟೊ ರೀತಿಯೋ ಸ್ಟ್ರಾಟೊನೊವಿಚ್ ರೀತಿಯೋ ಎಂಬುದು ಅಭಿರುಚಿಯ ವಿಷಯವೆಂಬಂತೆ ದಾಟಿಹೋಗುತ್ತದೆ. ಇಲ್ಲಿ ಅದು ನೂರು, ಹತ್ತು, ಒಂದು ಎಂಬ ಮೂರು ಬೇರೆ ಬೇರೆ ಉತ್ತರಗಳ ವಿಷಯ.

ಇದರಲ್ಲಿ ಒಂದು ವಿಶೇಷ ಅಪಾಯವಿದೆ. ಸೂಡೊ-ನಿಟ್ಷಿಯ ಕಡಲಿನಲ್ಲಿ ನಿಜವಾಗಿಯೂ ತೆಳ್ಳನೆಯ ದಟ್ಟ ಪದರಗಳಾಗಿ ನಿಲ್ಲುವುದುಂಟು. ಮೇಲಿನಿಂದ ನೋಡಿದರೆ ಕಾಣದ, ಕೆಲವು ಅಡಿ ದಪ್ಪದ ಪದರಗಳು. ಎಂದರೆ ಗಣಿತದ ತಪ್ಪು ಹುಟ್ಟಿಸುವ ಚಿತ್ರವೂ ನಿಸರ್ಗದ ಚಿತ್ರವೂ ಒಂದೇ ಬಗೆ ಕಾಣುತ್ತವೆ. ನಾನು ಬರೆದ ಮೊದಲ ಪ್ರೋಗ್ರಾಮಿನಲ್ಲಿ ಅಂಥ ಪದರವೊಂದು ಮೂಡಿದಾಗ ಅದನ್ನು ನಂಬಿದ್ದೆ. ಜೊತೆಯಲ್ಲಿದ್ದ ಹಿರಿಯರು, ಕೋಶಗಳ ಇಳಿಯುವ ವೇಗವನ್ನು ಸೊನ್ನೆ ಮಾಡಿ, ಸಮನಾಗಿ ಹರಡಿದ ಕಣಗಳಿಂದ ಮತ್ತೆ ಶುರು ಮಾಡು ಎಂದರು. ಪದರ ಆಗಲೂ ಮೂಡಿತು. ಮೂಡಬಾರದಿತ್ತು. ಇಂಥ ನಡಿಗೆಯ ಮಾದರಿಗಳಲ್ಲಿ ಈ ತಿದ್ದುಪಡಿ ಕಡ್ಡಾಯವೆಂದು ಸಾಗರವಿಜ್ಞಾನಿಗಳು 1990ರ ದಶಕದಲ್ಲೇ ಒತ್ತಿ ಹೇಳಿದ್ದರು. ನಾನು ಓದಿಕೊಂಡದ್ದು ಆ ಸಂಜೆಯ ನಂತರ.

ಹೂಳಿನ ಕಡೆಗೆ ಮರಳೋಣ, ಏಕೆಂದರೆ ಹಳೆಯ ವರ್ಷಗಳಿಗೆ ಸಾಕ್ಷಿ ಹೇಳುವುದು ಅದೊಂದೇ. ಸಾಧಾರಣ ಕಡಲತಳದಲ್ಲಿ ಹುಳು, ಚಿಪ್ಪಿ, ಏಡಿಗಳು ಮೇಲಿನ ಸುಮಾರು ಹತ್ತು ಸೆಂಟಿಮೀಟರನ್ನು ಸದಾ ಉತ್ತು ಕದಡುತ್ತಿರುತ್ತವೆ. ಆಳ ಸಾಗರದಲ್ಲಿ ಸಾವಿರ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಹೂಳು ಬೀಳುವ ಕಡೆ, ಈ ಉಳುಮೆ ಕೆಲವು ಸಾವಿರ ವರ್ಷಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತದೆ. ಅದನ್ನೂ ವಿಸರಣವೆಂದೇ ಲೆಕ್ಕ ಹಾಕುತ್ತಾರೆ. ಮೇಲೆ ನೀರಿನಲ್ಲಿ ಬಳಸಿದ ಸಮೀಕರಣವೇ ಕೆಳಗೆ ಕೆಸರಿಗೂ ಬರುತ್ತದೆ, ಕದಡುವವರು ಮಾತ್ರ ಬೇರೆ. ಸಾಂತಾ ಬಾರ್ಬರಾ ಕೊಳ್ಳದಲ್ಲಿ ಕದಡುವ ಜೀವಿಗಳಿಲ್ಲ, ವರ್ಷಕ್ಕೆ ಒಂದು ಮಿಲಿಮೀಟರಿಗೂ ಮಿಗಿಲು ಹೂಳು ಬೀಳುತ್ತದೆ. ಆದ್ದರಿಂದ ಮಳೆಗಾಲದ ನದಿಮಣ್ಣಿನ ಕಪ್ಪು ಗೆರೆ, ಪಾಚಿ ಹಬ್ಬುವ ಕಾಲದ ತಿಳಿ ಗೆರೆ ಎಂದು ಮರದ ಉಂಗುರಗಳಂತೆ ವರ್ಷಪದರಗಳು ನಿಂತಿವೆ. 1992ರಲ್ಲಿ ಸಾಗರ ಕೊರೆತ ಯೋಜನೆಯ ಹಡಗು ಅಲ್ಲಿ ತೆಗೆದ ಹೂಳಿನ ಕಂಬ ಸುಮಾರು 1,60,000 ವರ್ಷಗಳನ್ನು ಮುಟ್ಟಿತು.

ಆದರೂ ಅದು ತುಂಬಿದ ದಿನಚರಿಯಲ್ಲ. ಮಳೆ ಕೈಕೊಟ್ಟ ವರ್ಷ ಕಪ್ಪು ಗೆರೆ ಮೂಡದೆ ಎರಡು ವರ್ಷ ಒಂದಾಗಿ ಕಾಣುತ್ತದೆ. ದೊಡ್ಡ ನೆರೆ ಬಂದಾಗ ಬೂದು ಮಣ್ಣಿನ ದಪ್ಪ ಪದರ ಒಮ್ಮೆಲೇ ಕೂರುತ್ತದೆ. ಕೆಲವು ಶತಮಾನ ಹಿಂದಕ್ಕೆ ಹೋದಂತೆ, ಪದರ ಎಣಿಸಿ ಪಡೆದ ವಯಸ್ಸು ಇಂಗಾಲ-14ರ ವಯಸ್ಸಿಗಿಂತ ಕಡಿಮೆ ಬರುತ್ತದೆಂದು ಭೂವಿಜ್ಞಾನಿಗಳೇ ಕಂಡುಕೊಂಡು ತಿದ್ದಿಕೊಂಡರು. ಕಾಣೆಯಾದ ಪದರಗಳ ಈ ಪ್ರಶ್ನೆ ಹಳೆಯದು. ಯಾದೃಚ್ಛಿಕ ನಡಿಗೆಯನ್ನು ಮುಂದಕ್ಕೂ ಹಿಂದಕ್ಕೂ ಓದುವ ಎರಡು ಸಮೀಕರಣಗಳನ್ನು 1931ರಲ್ಲಿ ಕೊಟ್ಟ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್, 1949ರಲ್ಲಿ ಪದರಶಿಲೆಗಳ ಬಗ್ಗೆಯೂ ಒಂದು ಪುಟ್ಟ ಲೇಖನ ಬರೆದರು. ಒಮ್ಮೆ ಹೂಳು ಕೂರುತ್ತದೆ, ಒಮ್ಮೆ ಕೊಚ್ಚಿಹೋಗುತ್ತದೆ, ಎರಡೂ ಯಾದೃಚ್ಛಿಕ. ಹಾಗಾದರೆ ಕೊನೆಗೆ ಉಳಿದ ಪದರಗಳ ದಪ್ಪ ಹೇಗೆ ಹಂಚಿಕೆಯಾಗಿರುತ್ತದೆ ಎಂಬುದು ಅಲ್ಲಿಯ ಪ್ರಶ್ನೆ. ಒಂದು ಮಟ್ಟ ಉಳಿಯಬೇಕಾದರೆ ಮುಂದೆಂದೂ ತಳ ಅದಕ್ಕಿಂತ ಕೆಳಗೆ ಕೊರೆಯಬಾರದು. ಕಡಲತಳದ ಏರಿಳಿತವನ್ನು ಬ್ರೌನ್ ನಡಿಗೆಯೆಂದೇ ಹಿಡಿದರೆ, ಹಾಗೆ ಉಳಿಯುವ ಕ್ಷಣಗಳು ಲೆಕ್ಕವಿಲ್ಲದಷ್ಟು, ಆದರೆ ಅವುಗಳ ಒಟ್ಟು ಕಾಲ ಸೊನ್ನೆ! ಬರಿಗಣಿತದ ಈ ಮಾತು ಭೂವಿಜ್ಞಾನಿಗಳಿಗೆ ಅನುಭವದಿಂದ ಗೊತ್ತಿತ್ತು. 1981ರಲ್ಲಿ ಭೂವಿಜ್ಞಾನಿ ಪೀಟರ್ ಸ್ಯಾಡ್ಲರ್ ಸುಮಾರು 25,000 ಅಳತೆಗಳನ್ನು ಕೂಡಿಸಿ, ಹೆಚ್ಚು ಉದ್ದದ ಅವಧಿಯ ಮೇಲೆ ಅಳೆದಷ್ಟೂ ಹೂಳು ಕೂರುವ ವೇಗ ಕಡಿಮೆ ಕಾಣುತ್ತದೆಂದು ತೋರಿಸಿದರು. ಒಂದೇ ಕಡೆ ಒಲವಿಲ್ಲದ ನಡಿಗೆಯಲ್ಲಿ ದಪ್ಪ ಕಾಲದ ವರ್ಗಮೂಲದಂತೆ ಬೆಳೆಯುವುದರಿಂದ, ನೂರು ವರ್ಷದ ಮೇಲೆ ಅಳೆದ ವೇಗ ಹತ್ತು ಸಾವಿರ ವರ್ಷದ ಮೇಲೆ ಹತ್ತನೆಯ ಒಂದು ಪಾಲಾಗುತ್ತದೆ. ಮೇಲೆ ಕೈಲೆಕ್ಕದಲ್ಲಿ ಕಂಡ ವರ್ಗಮೂಲವೇ ಇದು.

ಸಾಂತಾ ಬಾರ್ಬರಾದ ಆಲಿಕೆಗಳಲ್ಲಿ 2000ದ ನಂತರ ಡೊಮೋಯಿಕ್ ಆಮ್ಲ ಹೆಚ್ಚಿದೆ. ಇದು ನಿಜಕ್ಕೂ ಹೊಸ ಬೆಳವಣಿಗೆಯೇ ಎಂದು ತಿಳಿಯಲು ಹಿಂದಿನ ಹೂಳು ಬೇಕು. ಹೂಳಿನಲ್ಲಿ ಇಲ್ಲ ಎಂದರೆ ಪಾಚಿ ಇರಲಿಲ್ಲವೋ, ಅದರ ತೆಳು ಚಿಪ್ಪು ಕರಗಿತೋ, ಪದರವೇ ಕಾಣೆಯೋ ಎಂದು ಬೇರ್ಪಡಿಸಬೇಕು. ಪ್ರಾಣಿಗಳ ಕಡೆಯಿಂದಲೂ ಇದೇ ಕಷ್ಟ: ದಡಕ್ಕೆ ಬಂದದ್ದು ಮಾತ್ರ ನಮಗೆ ಸಿಗುತ್ತದೆ, ಕಡಲಲ್ಲೇ ಮುಳುಗಿದ್ದು ಎಣಿಕೆಗೆ ಬರುವುದಿಲ್ಲ. ಎರಡೂ ಕಡತಗಳಲ್ಲಿ ಹಾಳೆಗಳು ಹರಿದುಹೋಗಿವೆ, ಆದರೆ ಬೇರೆ ಬೇರೆ ಕಡೆ. ಅವನ್ನು ಒಟ್ಟಿಗಿಟ್ಟು ಓದುವುದು ಸಾಧ್ಯವಾಗುವುದು ನಡುವಿನ ನೀರಿನ ನಡಿಗೆಯನ್ನು ಸರಿಯಾಗಿ ಬರೆದಾಗ ಮಾತ್ರ. ನನ್ನ ಮಟ್ಟಿಗೆ ಮೂರು ಶಾಸ್ತ್ರಗಳ ನಿಜವಾದ ಕೊಂಡಿ ಇದೇ.

ನಿಮಗೆ ಈ ಕಡೆ ಒಲವಿದ್ದರೆ ಧಾರವಾಡದಿಂದ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಒಂದು ಹಗಲಿನ ದಾರಿ. ಮಂಗಳೂರಿನ ಮೀನುಗಾರಿಕೆ ಕಾಲೇಜು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೂಡ ನಮ್ಮಲ್ಲೇ ಇವೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಆಳದ ತಣ್ಣೀರು ಮೇಲೆ ಬಂದು ಡಯಾಟಮ್‌ಗಳು ಹಬ್ಬುತ್ತವೆ. ಅರಬ್ಬೀ ಸಮುದ್ರದ ನಡು ಆಳದಲ್ಲೂ ಆಮ್ಲಜನಕ ಕಡಿಮೆಯಿರುವ ದಪ್ಪ ಪದರವಿದೆ. ಅದಕ್ಕೆ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಎರಡು ತುದಿಯಲ್ಲೂ ಗೋಡೆಯಿರುವ 40 ಮೀಟರ್ ಆಳದ ನೀರಿನ ಕಂಬ, ನಡುವೆ ನೂರನೆಯ ಒಂದು ಪಾಲಿಗೆ ನಯವಾಗಿ ಇಳಿದು ಮತ್ತೆ ಏರುವ ಗುಣಾಂಕ, ಸಮನಾಗಿ ಹರಡಿದ ಹತ್ತು ಸಾವಿರ ಕಣಗಳು, ಇಳಿಯುವ ವೇಗ ಸೊನ್ನೆ. ಅವಕಲನದ ಪದ ಇಲ್ಲದೆ ಒಮ್ಮೆ, ಅರ್ಧ ಹಾಕಿ ಒಮ್ಮೆ, ಪೂರ್ತಿ ಹಾಕಿ ಒಮ್ಮೆ ಓಡಿಸಿ. ಕಾಲದ ಹೆಜ್ಜೆ ಸಾಕಷ್ಟು ಸಣ್ಣದಿರಲಿ, ದೊಡ್ಡದಾದರೆ ಸರಿಯಾದ ಸಮೀಕರಣವೂ ಶಾಂತ ಪದರವನ್ನು ಒಂದೇ ನೆಗೆತಕ್ಕೆ ದಾಟಿ ಕೆಡುತ್ತದೆ. ಮೂರನೆಯ ಸಲ ಕಣಗಳು ಸಮನಾಗಿಯೇ ಉಳಿದರೆ, ಆಮೇಲೆ ಇಳಿಯುವ ವೇಗ ದಿನಕ್ಕೆ ಒಂದು ಮೀಟರ್ ಎಂದು ಕೊಟ್ಟು, ಮೊದಲ ಹತ್ತು ಮೀಟರಿನಲ್ಲಿ ಒಂದೊಂದು ಕಣ ಎಷ್ಟು ದಿನ ಕಳೆಯಿತೆಂದು ಎಣಿಸಲು ಶುರು ಮಾಡಿ.